ಬಾಗಿಲಿಗೆ ಬಂದು ನಿಂತವರ ಮುಂದೆ ಸುವಾರ್ತೆ ಹೇಳುವುದು ಹೇಗೆ?

ವರದಾ ದಂಡೆಯಾಂವ

ಎಲ್ಲರಿಗೂ ವಂದನೆ. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವ, ಹೊಲಿಗೆ ಕೆಲಸ ಮಾಡ್ತೀನಿ. ಆರು ವರ್ಷದ ಹಿಂದ ಕರ್ತನನ್ನ ನಂಬಿದೆ. ಬುಧವಾರ ಸಂಜಿ ನಮ್ಮ ಮನ್ಯಾಗ ಏಳೆಂಟು ಮಂದಿ ಕೂಡ್ತೀವಿ. ಎರಡು ಹಾಡು, ಸತ್ಯವೇದದ ಒಂದು ಅಧ್ಯಾಯ, ಪ್ರಾರ್ಥನೆ, ಆಮ್ಯಾಲೆ ಅವ್ವ ಮಾಡಿದ ಚಾ. ಇಷ್ಟ.

ಹೋದ ತಿಂಗಳು ಒಂದು ಬುಧವಾರ ಬಾಗಿಲು ಬಡದ್ರು. ತಗದ್ರ ಹನ್ನೆರಡು ಹದಿಮೂರು ಹುಡುಗರು. ಮುಂದ ನಿಂತಾಂವ ಏಳನೇತ್ತೆ ತನಕ ನನ್ನ ಜೋಡಿ ಒಂದ ಬೆಂಚಿನ್ಯಾಗ ಕೂತಾಂವ. "ತಲಿಗೆ ಎಷ್ಟು ಕೊಡ್ತಾರಲೇ?" ಅಂತ ಕೇಳಿದ. ನಾನು ಏನೂ ಹೇಳೋದ್ರಾಗ ಹಾಡಿನ ಪುಸ್ತಕ ಕಸಗೊಂಡ್ರು. ನಮ್ಮ ಜೋಡಿ ಬರೋ ಒಬ್ಬಾಕಿ ಮುದುಕಿಗೆ ಮೊಣಕಾಲು ಬ್ಯಾನಿ. ಆಕಿ ಹೊರಗ ಬಂದು ಚಪ್ಪಲಿ ಹುಡುಕಿದ್ರ ಎಲ್ಲಾರ ಚಪ್ಪಲಿನೂ ಗಟಾರದಾಗ ಬಿದ್ದಿದ್ವು. ಬರಿಗಾಲಿಲೆ ಮನಿಗೆ ಹೋದ್ಲು.

ಮರುದಿನ ಠಾಣೆಗೆ ಕರೆಸಿ "ಊರಾಗ ಶಾಂತಿ ಕೆಡಸೂದಿಲ್ಲ" ಅಂತ ಮುಚ್ಚಳಿಕೆ ಬರಿಸಿಕೊಂಡ್ರು. ಬರಿಸಿಕೊಂಡಿದ್ದು ನನ್ನಿಂದ. ಅವ್ವ ಅಂತಾಳ, "ನಿನ್ನ ದೇವರು ನಿನ್ನ ಎದಿಯಾಗ ಇರ್ಲಿ, ಹೊಸ್ತಿಲ ದಾಟಿಸಬ್ಯಾಡ." ಆಕಿ ಹೆದರಿಕಿ ನನಗ ತಿಳೀತದ. ಆದ್ರ ಯೇಸುವಿನ ಶಿಷ್ಯರಾದ ಪೇತ್ರ ಯೋಹಾನರಿಗೆ ಯೆಹೂದ್ಯರ ಹಿರಿಸಭೆಯವರು ಬಾಯಿ ಮುಚ್ಚಿಕೊಂಡಿರ್ರಿ ಅಂದಾಗ, ಕಂಡು ಕೇಳಿದ್ದನ್ನ ಹೇಳದ ಇರಾಕ ನಮ್ಮಿಂದ ಆಗೂದಿಲ್ಲ ಅಂದ್ರಲ್ಲ, ಆ ಮಾತು ರಾತ್ರಿ ನಿದ್ದಿ ಕೊಡವಲ್ಲದು.

ನಿಮ್ಮಲ್ಲಿ ಇದನ್ನ ಅನುಭವಿಸಿದವರು ಇದ್ರ ಹೇಳ್ರಿ. ನಿಲ್ಲಿಸಲೋ, ಮುಂದುವರಿಸಲೋ, ಮುಂದುವರಿಸಿದ್ರ ಹೆಂಗ?

ಮುಂಜಾವಿನ ಕಹಳೆ

ಬ್ರದರ್, ಹಿಂಸೆ ಬಂದರೆ ಹರ್ಷಿಸಿ ಉಲ್ಲಾಸಪಡಿ ಎಂದು ಕರ್ತನೇ ಹೇಳಿದ್ದಾನೆ. ಒಂದು ಬುಧವಾರವೂ ಬಿಡಬೇಡಿ. ಮುಂದಿನ ಸಲ ಬಂದರೆ ಫೋನ್ ಹಿಡಿದು ಲೈವ್ ಮಾಡಿ, ಅವರ ಮುಖ ಲೋಕಕ್ಕೆಲ್ಲ ಕಾಣಲಿ. ಪೆಟ್ಟಿಗೆ ಸ್ಪೀಕರ್ ಇಟ್ಟು ಇನ್ನೂ ಗಟ್ಟಿಯಾಗಿ ಹಾಡಿ. ಸತ್ಯಕ್ಕೆ ಯಾರ ಭಯ?

ನಿವೃತ್ತ ಸಿಸ್ಟರ್

ಮೇಲಿನ ತಮ್ಮನಿಗೆ ಒಂದು ಮಾತು. ನೀವು ಹರ್ಷಿಸಿ ಅಂತ ಬರೆದಿದ್ದೀರಿ, ಬರಿಗಾಲಲ್ಲಿ ಹೋದವರು ಆ ಅಜ್ಜಿ. ಇನ್ನೊಬ್ಬರ ಕಾಲಿಗೆ ಮುಳ್ಳು ಚುಚ್ಚುವಾಗ ನಾವು ದೂರದಿಂದ ಹರ್ಷಪಡೋದು ಸುಲಭ. ಲೈವ್ ಮಾಡಿದರೆ ಹುಡುಗರ ಮುಖದ ಜೊತೆಗೆ ಒಳಗೆ ಕೂತ ಎಂಟು ಮಂದಿಯ ಮುಖವೂ ಊರಿಗೆಲ್ಲ ಕಾಣುತ್ತೆ. ಅದರಲ್ಲಿ ಅತ್ತೆ ಮನೆಗೆ ಗೊತ್ತಿಲ್ಲದೆ ಬಂದ ಸೊಸೆಯೂ ಇರಬಹುದು. ಅವಳ ಗತಿ?

ವರದಾ ತೀರದ ತಮ್ಮಾ, ಮೊದಲು ಆ ಅಜ್ಜಿ ಮನೆಗೆ ಹೋಗಪ್ಪ. ಚಪ್ಪಲಿ ಕೊಡಿಸಿದೆಯಾ?

ಬಲ್ಮಠದ ಓದುಗ

ನಾನು ಮಂಗಳೂರಿನವ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಮಿಶನರಿಗಳು ಕಟ್ಟಿದ ಬಾಸೆಲ್ ಮಿಶನ್ ಸಭೆಯಲ್ಲಿ ಬೆಳೆದವ. ನಿಮ್ಮ ಪತ್ರ ಓದಿ ನಮ್ಮ ಊರಿನ ಹಳೇ ಕಥೆ ನೆನಪಾಯ್ತು. ಸ್ವಲ್ಪ ಉದ್ದ ಉಂಟು, ತಾಳ್ಮೆಯಿಂದ ಓದಿ.

ನಮ್ಮ ಕಡೆ ವಿರೋಧ ಅಂದರೆ ಊರಿನವರದ್ದು ಮಾತ್ರ ಅಂತ ತಿಳಿದುಕೊಂಡವರು ಇದ್ದಾರೆ. ಮೊದಲು ವಿರೋಧ ಮಾಡಿದ್ದು ಈಸ್ಟ್ ಇಂಡಿಯಾ ಕಂಪನಿ. ವ್ಯಾಪಾರಕ್ಕೆ ತೊಂದರೆ ಆದೀತು ಅಂತ 1813ರವರೆಗೆ ಮಿಶನರಿಗಳನ್ನು ತನ್ನ ನೆಲದಲ್ಲಿ ಕಾಲಿಡಲು ಸುಲಭವಾಗಿ ಬಿಡುತ್ತಿರಲಿಲ್ಲ. ಇಂಗ್ಲಿಷ್ ಮಿಶನರಿ ವಿಲಿಯಂ ಕೇರಿ ಡೆನ್ಮಾರ್ಕಿನ ಕೈಯಲ್ಲಿದ್ದ ಬಂಗಾಳದ ಸೆರಾಂಪುರಕ್ಕೆ ಹೋಗಿ ನಿಂತದ್ದು ಅದಕ್ಕೇ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಸತ್ಯವೇದವನ್ನು ಕನ್ನಡಕ್ಕೆ ತರಲು ಕೂತರು. ಜರ್ಮನ್, ಸ್ವಿಸ್ ಮಿಶನರಿಗಳಿಗೆ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯಿದೆಯ ಮೇಲೆಯೇ. ಮರುವರ್ಷ, 1834ರಲ್ಲಿ, ಹೆಬಿಖ್, ಲೇನರ್, ಗ್ರೈನರ್ ಮೂವರು ಮಂಗಳೂರಿಗೆ ಬಂದರು.

ಈಗ ಮುಖ್ಯ ವಿಷಯ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಇಲ್ಲಿ ಇಂಗ್ಲಿಷ್ ಶಾಲೆ ನಡೆಸಿದರು. ಆ ಶಾಲೆಗೆ ಬರುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಹುಡುಗ 1844ರ ಜನವರಿಯಲ್ಲಿ ಇನ್ನಿಬ್ಬರ ಜೊತೆ ದೀಕ್ಷಾಸ್ನಾನ ತೆಗೆದುಕೊಂಡ. ವಯಸ್ಸು ಹತ್ತೊಂಬತ್ತರ ಆಸುಪಾಸು. ಊರಿಗೆ ಊರೇ ಎದ್ದು ನಿಂತಿತು. ಮನೆ, ಜಾತಿ ಎರಡೂ ಹೋಯ್ತು. ತನ್ನ ಹೆಸರಿನ ಮುಂದೆ ಗುರುವಿನ ಹೆಸರು ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು. ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ವಾಪಸ್ ಬಂದರು. ಕೊಡಗಿನಲ್ಲಿ ಒಡೆಯರ ಹೊಲಗಳಲ್ಲಿ ಜೀತಕ್ಕಿದ್ದ ಹೊಲೆಯ ಸಮುದಾಯದವರಿಗಾಗಿ ಆನಂದಪುರ ಅಂತ ಊರು ಕಟ್ಟಿದಾಗ, ಮೋಗ್ಲಿಂಗರ ಜೊತೆ ಈ ಬ್ರಾಹ್ಮಣರ ಮನೆಯ ಮಗನೂ ನಿಂತರು. ಆ ಕಾಲದಲ್ಲಿ ಅದರ ಬೆಲೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಂಬಿದವರಿಗೆ ಮನೆ ಮಾತ್ರ ಹೋಗುತ್ತಿರಲಿಲ್ಲ, ಕಸುಬೂ ಹೋಗುತ್ತಿತ್ತು. ಜಾತಿಯಿಂದ ಹೊರಗೆ ಹಾಕಿದ ಮೇಲೆ ಗೇಣಿಗೆ ಹೊಲ ಯಾರು ಕೊಡ್ತಾರೆ? ಮಂಗಳೂರಿನ ನೇಯ್ಗೆ ಶಾಲೆ, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಶುರುಮಾಡಿದ ಹೆಂಚಿನ ಕಾರ್ಖಾನೆ, ಇವೆಲ್ಲ ಹುಟ್ಟಿದ್ದು ಈ ಸಂಕಟದಿಂದ. "ಕೆಲಸದ ಆಸೆಗೆ ಸೇರಿದರು" ಅಂತ ಆಗಲೂ ಜನ ಅಂದರು, ಈಗಲೂ ಅನ್ನುತ್ತಾರೆ. ಆ ಮಾತಿನಲ್ಲಿ ಒಂದು ಪಾಲು ನಿಜವೂ ಇರಬಹುದು, ಅಲ್ಲ ಅಂತ ನಾನು ವಾದ ಮಾಡುವುದಿಲ್ಲ. ಆದರೆ ಕೆಲಸ ಹೋದದ್ದು ಮೊದಲು, ಕಾರ್ಖಾನೆ ಬಂದದ್ದು ಆಮೇಲೆ.

ಇನ್ನೊಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. ಇದೇ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರ ಸಮಾಚಾರ ಹೊರಡಿಸಿದರು, ಅದು ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಅಚ್ಚಾಗುತ್ತಿತ್ತು. ಆಮೇಲೆ ಜೈಮಿನಿ ಭಾರತ, ಬಸವಪುರಾಣ ಅಚ್ಚು ಹಾಕಿಸಿದರು, 1850ರಲ್ಲಿ ದಾಸರ ಪದಗಳನ್ನೂ. ಯಾರಿಗೆ ಸುವಾರ್ತೆ ಹೇಳಲು ಬಂದರೋ ಅವರ ಹಾಡನ್ನು ಕೂತು ಕೇಳಿ, ಬರೆದುಕೊಂಡು, ಅಕ್ಷರ ತಿದ್ದಿ ಅಚ್ಚು ಹಾಕಿದರು. ಕಿಟ್ಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ಷಟ್ಪದಿಯಲ್ಲಿ ಬರೆದರು. ಮೂವತ್ತು ವರ್ಷ ದಾಟಿದ ಮೇಲೆ, 1894ರಲ್ಲಿ, ಅವರ ನಿಘಂಟು ಬಂತು. ಅದನ್ನು ಈಗ ಯಾವ ಧರ್ಮದವನೂ ಬಿಟ್ಟಿಲ್ಲ.

ಅವರೆಲ್ಲರೂ ಹೀಗೇ ಇದ್ದರು ಅಂತಲ್ಲ. ಜಾತ್ರೆಯ ನಡುವೆ ನಿಂತು ವಿಗ್ರಹ ಹಳಿದವರೂ ಇದ್ದರು, ಅವರ ಕರಪತ್ರಗಳ ಭಾಷೆ ಓದಿದರೆ ನನಗೇ ನಾಚಿಕೆ ಆಗುತ್ತದೆ. ಆದರೆ ನೂರೈವತ್ತು ವರ್ಷದ ಮೇಲೆ ಊರಿನವರು ಪ್ರೀತಿಯಿಂದ ನೆನೆಯುವುದು ಯಾರನ್ನು ನೋಡಿ.

ಮಿಲಾಗ್ರಿಸ್ ಗಂಟೆ

ನಾವು ಮಂಗಳೂರಿನ ಕಥೊಲಿಕರು. ಮನೆ ಮನೆಗೆ ಹೋಗಿ ಕರಪತ್ರ ಹಂಚುವ ರೂಢಿ ನಮ್ಮಲ್ಲಿಲ್ಲ. ಆದರೂ 2008ರ ಸೆಪ್ಟೆಂಬರ್ 14, ಭಾನುವಾರ ಬೆಳಿಗ್ಗೆ, ಮಿಲಾಗ್ರಿಸ್ ಚರ್ಚ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿ ಪರಮಪ್ರಸಾದದ ಪೀಠ ಒಡೆದರು. ಅಲ್ಲಿರುವ ಸಹೋದರಿಯರು ಹೊರಗೆ ಬಂದು ಯಾರ ಹತ್ತಿರವೂ ಧರ್ಮದ ಮಾತಾಡುವವರಲ್ಲ, ಮಠದ ಒಳಗೇ ಪ್ರಾರ್ಥನೆಯಲ್ಲಿ ಇರುವವರು. ಬೇರೆ ಯಾವುದೋ ಪಂಗಡ ಹಿಂದೂ ದೇವತೆಗಳನ್ನು ಹಳಿಯುವ ಪುಸ್ತಕ ಹಂಚಿತು ಅನ್ನುವುದು ಆಗ ಕೇಳಿಬಂದ ಕಾರಣ. ನ್ಯಾಯಮೂರ್ತಿ ಸೋಮಶೇಖರ ಆಯೋಗ ಕೂತಿತು, 2011ರಲ್ಲಿ ವರದಿ ಕೊಟ್ಟಿತು. ಅದರ ಮೇಲೂ ಜಗಳ ಆಯಿತು, ಅದು ಬೇರೆ ಮಾತು.

ನಾನು ಹೇಳಬೇಕಾದದ್ದು ಇಷ್ಟೇ. ಪೀಠ ಒಡೆಯುವುದಕ್ಕೆ ಯಾವ ಪುಸ್ತಕವೂ ಸಮರ್ಥನೆ ಆಗುವುದಿಲ್ಲ. ಹಾಗೆಯೇ ನೀವು ಒಂದು ಹಾಳೆ ಹಂಚಿದರೆ ಅದರ ಬಿಸಿ ನಿಮಗೆ ಮಾತ್ರ ತಾಗುವುದಿಲ್ಲ ಅನ್ನುವುದನ್ನೂ ಮರೆಯಬೇಡಿ.

ಹಳೇ ಫೈಲು

ಮೂವತ್ತು ವರ್ಷ ವಕೀಲಿಕೆ ಮಾಡಿದವನು. ನಿಮ್ಮಿಂದ ಮುಚ್ಚಳಿಕೆ ಬರೆಸಿಕೊಂಡದ್ದು ಓದಿ ಬೇಸರವಾಯಿತು.

ಸಂವಿಧಾನದ 25ನೇ ಅನುಚ್ಛೇದ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. "ಪ್ರಚಾರ" ಅನ್ನುವ ಆ ಒಂದು ಪದ ಸುಮ್ಮನೆ ಬಂದದ್ದಲ್ಲ. 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆಯಲ್ಲಿ ಲೋಕನಾಥ ಮಿಶ್ರಾ ಅದನ್ನು ತೆಗೆಯಿರಿ ಎಂದು ಗಟ್ಟಿಯಾಗಿ ವಾದಿಸಿದರು. ಕೆ.ಎಂ. ಮುನ್ಶಿ ಅದು ಇರಲಿ ಎಂದರು. ಮುನ್ಶಿಯವರು ಕ್ರೈಸ್ತರೇನೂ ಅಲ್ಲ, ಸೋಮನಾಥ ದೇವಾಲಯ ಮತ್ತೆ ಕಟ್ಟಿಸಲು ಓಡಾಡಿದವರು. ಮಾತಾಡುವ ಸ್ವಾತಂತ್ರ್ಯ ಇದ್ದ ಮೇಲೆ ತನ್ನ ನಂಬಿಕೆಯನ್ನು ಇನ್ನೊಬ್ಬನಿಗೆ ಹೇಳಿ ಒಪ್ಪಿಸುವುದನ್ನು ಹೇಗೂ ತಡೆಯಲಾಗದು ಎಂಬುದು ಅವರ ನಿಲುವು.

ಆದರೆ ಇದನ್ನೂ ತಿಳಿದಿರಿ. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಅಂದರೆ ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹೇಳುವ ಹಕ್ಕು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ನಮ್ಮ ರಾಜ್ಯದಲ್ಲಿ 2022ರ ಮೇನಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರ್‌ನಲ್ಲಿ ಕಾಯಿದೆಯಾಗಿ ಬಂದ ಮತಾಂತರ ತಡೆ ಕಾನೂನಿನಲ್ಲಿ ಬಲವಂತ, ಆಮಿಷ, ವಂಚನೆಯ ಮತಾಂತರಕ್ಕೆ 3ರಿಂದ 5 ವರ್ಷ ಶಿಕ್ಷೆ. ಮಹಿಳೆ, ಅಪ್ರಾಪ್ತರು, ಪರಿಶಿಷ್ಟರ ವಿಷಯದಲ್ಲಿ 10 ವರ್ಷದವರೆಗೆ. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಈ ಹೊತ್ತಿಗೆ ನಿಮ್ಮಲ್ಲಿ ಏನು ಜಾರಿಯಲ್ಲಿದೆ ಎಂದು ಹತ್ತಿರದ ವಕೀಲರನ್ನು ಕೇಳಿಯೇ ಹೆಜ್ಜೆ ಇಡಿ.

ನಿಮ್ಮ ಕೈಯಲ್ಲಿರುವುದು ಏನು? ಕಾನೂನುಬದ್ಧವಾಗಿ ಕೂಡಿದ ಪ್ರಾರ್ಥನೆಗೆ ಬೇಕೆಂದೇ ಅಡ್ಡಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 300ನೇ ಕಲಮಿನಲ್ಲಿ ಅಪರಾಧ. ಇನ್ನೊಬ್ಬರ ಧರ್ಮವನ್ನು ದುರುದ್ದೇಶದಿಂದ ಅವಮಾನಿಸುವುದು 299ರಲ್ಲಿ ಅಪರಾಧ, ಅದು ಅವರಿಗೂ ನಿಮಗೂ ಒಂದೇ. ಸ್ಪೀಕರ್ ಇಡಿ ಎಂದು ಮೇಲೆ ಯಾರೋ ಹೇಳಿದ್ದಾರೆ, ಖಂಡಿತ ಬೇಡ. ಧ್ವನಿವರ್ಧಕಕ್ಕೆ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ಮುಂದೆ ಠಾಣೆಗೆ ಒಬ್ಬರೇ ಹೋಗಬೇಡಿ. ಓದದೆ ಸಹಿ ಮಾಡಬೇಡಿ. ನಡೆದದ್ದನ್ನು ನಿಮ್ಮ ಅಕ್ಷರದಲ್ಲಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಬದುವಿನ ಬೇವು

ನಾನು ಕ್ರಿಶ್ಚಿಯನ್ ಅಲ್ಲ, ಗದಗ ಕಡೆಯ ರೈತ. ಮಗ ಇದನ್ನ ತೋರಿಸಿದ, ಎರಡು ದಿನ ಓದಿದೆ. ಬರೀಬೇಕೋ ಬ್ಯಾಡೋ ಅಂತ ಯೋಚಿಸಿ ಬರೀತಿದೀನಿ. ಸಿಟ್ಟಿನಿಂದ ಅಲ್ಲ.

ಆ ಹುಡುಗರು ಮಾಡಿದ್ದು ತಪ್ಪು. ಮುದುಕಿ ಚಪ್ಪಲಿ ಗಟಾರಕ್ಕ ಒಗೆಯೋದು ಯಾವ ಧರ್ಮ? ಅದನ್ನ ಮೊದಲ ಹೇಳಿಬಿಡ್ತೀನಿ.

ಈಗ ನಂದು. ನಾಕು ವರ್ಷದ ಹಿಂದ ನಮ್ಮ ಊರಿಗೆ ಇಬ್ಬರು ಬಂದಿದ್ರು. ನಮ್ಮವ್ವ ಪಡಸಾಲ್ಯಾಗ ಕೂತು ಅಕ್ಕಿ ಹಸನು ಮಾಡ್ತಿದ್ಲು. ನೀರು ಕೊಟ್ಲು, ಕುಡದ್ರು. ಹೋಗೋವಾಗ ಒಂದು ಹಾಳಿ ಕೊಟ್ರು. ಅವ್ವಗ ಓದಾಕ ಬರೂದಿಲ್ಲ, ನನ್ನ ಮಗಳ ಕಡೆ ಓದಿಸಿದ್ಲು. ಅದರಾಗ "ಕಲ್ಲಿಗೆ ಕೈ ಮುಗಿಯುವವರು ನರಕದ ಬೆಂಕಿಗೆ ಪಾಲಾಗುವರು" ಅಂತ ಇತ್ತು. ಮಗಳು ಓದತಾ ಓದತಾ ಅಲ್ಲೇ ನಿಲ್ಲಿಸಿದ್ಲು. ಅವ್ವ ಏನೂ ಅನ್ಲಿಲ್ಲ. ಹಾಳಿ ಮಡಚಿ ಮೊರದ ಬಾಜೂಕ ಇಟ್ಟು, "ನಮ್ಮ ಎಲ್ಲಮ್ಮನ್ನ ನೋಡ್ಯಾರೇನು ಅವರು?" ಅಂತ ಕೇಳಿದ್ಲು. ಅವ್ವ ಈಗ ಇಲ್ಲ. ಆ ಮಾತು ಉಳದದ.

ನೀರು ಕುಡದ ಮನಿಗೆ ಬೆಂಕಿ ಅಂತ ಬರದುಕೊಟ್ಟು ಹೋಗೋದು ನಿಮ್ಮ ಸುವಾರ್ತೆ ಏನು? ನೀವು ಹಾಡ್ರಿ, ಓದ್ರಿ, ನನ್ನ ಅಡ್ಡಿ ಇಲ್ಲ. ಆದ್ರ ವಿರೋಧ ಎಲ್ಲಾ ದ್ವೇಷದಿಂದನ ಹುಟ್ಟತದ ಅಂತ ತಿಳಕೋಬ್ಯಾಡ್ರಿ. ಒಂದೊಂದು ವಿರೋಧ ಇಂಥಾ ಪಡಸಾಲಿಯಾಗ ಹುಟ್ಟಿರತದ.

ಮುಂಜಾವಿನ ಕಹಳೆ

ಅಣ್ಣಾ, ನಿಮ್ಮ ತಾಯಿಯ ವಿಷಯ ಓದಿ ಸುಮ್ಮನಾದೆ. ಆದರೆ ನರಕ ಇದೆ ಎಂದು ನಂಬುವವನು ಅದನ್ನು ಹೇಳದೆ ಇದ್ದರೆ ಅದೂ ಪ್ರೀತಿ ಅಲ್ಲವಲ್ಲ? ಕೇಳುವವರಿಗೆ ಹಿತವಾದದ್ದನ್ನು ಮಾತ್ರ ಹೇಳಬೇಕು ಅಂದರೆ ನಾವು ಹೇಳುವುದಕ್ಕೆ ಏನು ಉಳಿಯಿತು? ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ.

ನಿವೃತ್ತ ಸಿಸ್ಟರ್

ತಮ್ಮಾ, ಒಳ್ಳೇ ಪ್ರಶ್ನೆ. ಮುಚ್ಚಿಡೋದು ಬೇಡ. ಪಾಪ, ಶಿಲುಬೆ, ಪುನರುತ್ಥಾನ ಬಿಟ್ಟರೆ ನಮ್ಮ ಹತ್ತಿರ ಹೇಳೋಕೆ ಏನೂ ಇಲ್ಲ, ಸರಿ. ಆದರೆ ಯೇಸುವಿನ ಅಪೊಸ್ತಲ ಪೌಲ ಗ್ರೀಕರ ಅಥೇನೆಯಲ್ಲಿ ಊರು ತುಂಬ ವಿಗ್ರಹ ನೋಡಿ ಮನಸ್ಸಿನಲ್ಲಿ ಕುದಿದವನು, ಮಾತು ಶುರುಮಾಡಿದ್ದು ಎಲ್ಲಿಂದ? "ತಿಳಿಯದ ದೇವರಿಗೆ" ಅಂತ ಅವರೇ ಕೆತ್ತಿಸಿದ ಬಲಿಪೀಠದಿಂದ. ಅವರ ಕವಿಯ ಸಾಲನ್ನೇ ಹೇಳಿದ. ಕೊನೆಗೆ ನ್ಯಾಯತೀರ್ಪಿನ ವಿಷಯವನ್ನೂ ಹೇಳಿದ, ಬಿಡಲಿಲ್ಲ. ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳ್ತೀವಿ ಅಂದರು, ಕೆಲವರು ನಂಬಿದರು.

ನಾನು ಮಿಶನ್ ಆಸ್ಪತ್ರೆಯಲ್ಲಿ ದಾದಿಯಾಗಿ ಮೂವತ್ತನಾಲ್ಕು ವರ್ಷ ಇದ್ದೆ. ರಾತ್ರಿ ಪಾಳಿಯಲ್ಲಿ ರೋಗಿಗಳು ಹೆದರಿಕೊಂಡು ಕೈ ಹಿಡಿದುಕೊಳ್ತಾರೆ. ಆಗ ಏನು ಹೇಳಿದರೂ ಹೂಂ ಅಂತಾರೆ. ಅದಕ್ಕೇ ನಾನು ಆಗ ಏನೂ ಹೇಳುತ್ತಿರಲಿಲ್ಲ. "ನಿಮಗಾಗಿ ಪ್ರಾರ್ಥನೆ ಮಾಡಲಾ?" ಅಂತ ಕೇಳ್ತಿದ್ದೆ. ಬೇಡ ಅಂದರೆ ದಿಂಬು ಸರಿಮಾಡಿ ಹೋಗ್ತಿದ್ದೆ. ಗುಣವಾಗಿ ಊರಿಗೆ ಹೋದ ಮೇಲೆ, ಭಯ ಇಳಿದ ಮೇಲೆ, ಎಷ್ಟೋ ಜನ ತಾವಾಗೇ ಬಂದು ಕೇಳಿದ್ದಾರೆ, "ಸಿಸ್ಟರ್, ಅವತ್ತು ನೀವು ಯಾಕೆ ಹಾಗಿದ್ರಿ?" ಆಗ ಹೇಳಿದ್ದೇನೆ, ಪೂರ್ತಿ ಹೇಳಿದ್ದೇನೆ. ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದ ಅಂತ ಪೇತ್ರ ಬರೆದ. ಅವನ ಪತ್ರ ಓದುತ್ತಿದ್ದವರೂ ಹಿಂಸೆಯಲ್ಲೇ ಇದ್ದರು.

ಗದಗಿನ ಅಣ್ಣಾ, ನಿಮ್ಮ ತಾಯಿಯವರಿಗೆ ಆ ಹಾಳೆ ಕೊಟ್ಟಿದ್ದಕ್ಕೆ ನಾನು ಕ್ಷಮೆ ಕೇಳ್ತೀನಿ. ಕೊಟ್ಟವರು ನನ್ನವರೇ.

ಬಲ್ಮಠದ ಓದುಗ

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮೈಸೂರು ಸೀಮೆಯಲ್ಲಿ ವರ್ಷಗಟ್ಟಲೆ ಇದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾ, ಈ ನೆಲದಲ್ಲಿ ಕ್ರೈಸ್ತ ಧರ್ಮ ಬೇರೂರುವುದು ಅಸಾಧ್ಯ ಎಂದು ಬರೆದು 1823ರಲ್ಲಿ ದೇಶಕ್ಕೆ ವಾಪಸಾದರು. ಇಲ್ಲಿನವರ ಹಾಗೆ ಉಟ್ಟು, ಉಂಡು, ಬದುಕಿದವರು ಅವರು. ಸೋತೆ ಅಂತ ಹೊರಟರು. ಅವರು ಹೋಗಿ ಹನ್ನೊಂದು ವರ್ಷಕ್ಕೆ ಮಂಗಳೂರಿಗೆ ಆ ಮೂವರು ಬಂದದ್ದು. ಒಬ್ಬನ ಆಯುಷ್ಯದ ಲೆಕ್ಕದಲ್ಲಿ ಇದನ್ನೆಲ್ಲ ಅಳೆಯಲು ಆಗುವುದಿಲ್ಲ ಮಾರಾಯ್ರೆ.

ವರದಾ ದಂಡೆಯಾಂವ

ಎಲ್ಲಾ ಓದಿದೆ. ತಡಾ ಆತು, ಕ್ಷಮಿಸ್ರಿ.

ಸಿಸ್ಟರ್, ಅಜ್ಜಿಗೆ ಚಪ್ಪಲಿ ತಂದುಕೊಟ್ಟೆ. ಹಾಕ್ಕೊಂಡು ನಡದು ನೋಡಿ, "ಬುಧವಾರಕ್ಕ ಇವನ್ನ ಒಳಗ ಬಿಡತೀನಿ ಮತ್ತ" ಅಂದ್ಲು. ಅಂದ್ರ ಆಕಿ ಬರಾಕ ತಯಾರ ಅದಾಳ. ವಕೀಲ ಸರ್, ಬರದು ಕೊಟ್ಟೆ, ಸ್ವೀಕೃತಿ ತಗೊಂಡೆ. ಜೋಡಿ ನಮ್ಮ ಓಣಿಯ ಮಾಸ್ತರು ಬಂದಿದ್ರು, ಅವರು ನಮ್ಮ ಸಭೆಯವರಲ್ಲ.

ಬದುವಿನ ಬೇವು ಅಣ್ಣಾರ, ನಿಮ್ಮ ಮಾತು ಓದಿದ ರಾತ್ರಿ ನಾನು ಎದ್ದು ಹೊಲಿಗಿ ಮಷಿನ್ ಕೆಳಗಿನ ಡಬ್ಬಿ ತಗದೆ. ಅದರಾಗ ಒಂದು ಕಟ್ಟು ಕರಪತ್ರ ಇದ್ವು. ಹೋದ ವರ್ಷ ಒಂದು ಕೂಟಕ್ಕ ಹೋದಾಗ ಕೊಟ್ಟಿದ್ರು, ಊರಾಗ ಅರ್ಧ ಹಂಚೇನಿ. ಹಂಚೋವಾಗ ಒಂದರೇ ಪೂರ್ತಿ ಓದಿರಲಿಲ್ಲ. ಈಗ ಓದಿದೆ. ನೀವು ಬರದ ಸಾಲು ಅದಾ ಅಲ್ಲ, ಆದ್ರ ಅದರ ತಮ್ಮ. ನನ್ನ ಜೋಡಿ ಬೆಂಚಿನ್ಯಾಗ ಕೂತಾಂವ ಅವನ ಅವ್ವಗೂ ಒಂದು ಕೊಟ್ಟಿದ್ದೆ. ಆಕಿ ನನಗ ಸಣ್ಣಾಂವ ಇದ್ದಾಗ ರೊಟ್ಟಿ ಹಾಕ್ಯಾಳ.

ಮರುದಿನ ಅವರ ಮನಿಗೆ ಹೋದೆ. ಅವ ಇರಲಿಲ್ಲ. ಆಕಿ ಇದ್ಲು. "ಕಾಕಿ, ಅವತ್ತು ಕೊಟ್ಟ ಹಾಳಿ ಓದದ ಕೊಟ್ಟೆ, ತಪ್ಪಾತು" ಅಂದೆ. "ಯಾವ ಹಾಳಿ?" ಅಂದ್ಲು. ಆಕಿಗೆ ನೆನಪಿಲ್ಲೋ, ಇದ್ದೂ ಹಂಗ ಅಂದ್ಲೋ ಗೊತ್ತಿಲ್ಲ. ಚಾ ಕೊಟ್ಲು.

ಈ ಬುಧವಾರ ಕೂಡಿದ್ವಿ. ಐದು ಮಂದಿ. ಅವ್ವ ಮೊದಲು ಬ್ಯಾಡ ಅಂದ್ಲು, ಆಮ್ಯಾಲೆ ತಾನ ಕಸ ಹೊಡದು ಚಾಪಿ ಹಾಸಿದ್ಲು. ಬಾಗಿಲು ಪೂರ್ತಿ ತಗದು ಇಟ್ಟಿದ್ವಿ, ಸ್ಪೀಕರ್ ಇಲ್ಲ. ಯೋಹಾನ ನಾಕನೇ ಅಧ್ಯಾಯ, ಸಮಾರ್ಯದ ಹೆಂಗಸಿನ ಹತ್ರ ಯೇಸು ನೀರು ಕೇಳಿದ್ದು ಓದಿದ್ವಿ. ಗದಗಿನ ಪಡಸಾಲಿ ನೆನಪಾಗಿ ನನಗ ಮುಂದ ಓದಾಕ ಆಗಲಿಲ್ಲ, ಅಜ್ಜಿ ಮಗ್ಗಲ ಕೂತ ಹುಡುಗಿ ಮುಗಿಸಿದ್ಲು. ಹಾದಿ ಹಿಡದು ಹೋಗೋರು ಒಳಗ ನೋಡಿಕೋತ ಹೋದ್ರು. ಯಾರೂ ನಿಲ್ಲಲಿಲ್ಲ, ಯಾರೂ ಬಯ್ಯಲಿಲ್ಲ.

ಹೇಳೋದು ಬಿಡೂದಿಲ್ಲ. ಹಳೇ ಹಾಳಿ ಸುಟ್ಟೆ. ನನಗ ಯೇಸು ಏನು ಮಾಡಿದ ಅನ್ನೋದನ್ನ ನಾನ ಒಂದು ಪುಟ ಬರದೇನಿ. ಅಣ್ಣಾರ, ಸಿಟ್ಟಾಗಬ್ಯಾಡ್ರಿ, ಅದನ್ನ ಯಾರಿಗಾದ್ರೂ ಕೊಡೋಕಿಂತ ಮೊದಲು ನೀವು ಓದಿ ನೋಡ್ತೀರೇನು?

ಬದುವಿನ ಬೇವು

ಕಳಿಸ್ರಿ. ಒಪ್ಪೂದಿಲ್ಲ, ಅದನ್ನ ಈಗ ಹೇಳಿರತೀನಿ. ಓದಂತೂ ಓದ್ತೀನಿ.

ಬದುವಿನ ಬೇವು

ಓದಿದೆ. ನಿಮ್ಮ ಕುಡಿತದ ವಿಷಯ, ಅಪ್ಪನ ವಿಷಯ ಬರದಿದ್ದು ನಿಜ ಅನ್ನಿಸಿತು. ಇಷ್ಟು ಬಿಚ್ಚಿ ಹೇಳಾಕ ಧೈರ್ಯ ಬೇಕು.

ಎರಡನೇ ಸಾಲಿನ್ಯಾಗ "ಕತ್ತಲೆಯಲ್ಲಿರುವ ಜನರಿಗೆ ಬೆಳಕು" ಅಂತ ಅದ. ಯಾರು ಕತ್ತಲ್ಯಾಗ ಇರೋರು? ನಮ್ಮವ್ವನೂ ಬಂದ್ಲೇನು ಅದರಾಗ?

ವರದಾ ದಂಡೆಯಾಂವ

ತಿದ್ದೀನ್ರಿ ಅಣ್ಣಾರ. "ಕತ್ತಲೆಯಲ್ಲಿದ್ದ ನನಗೆ ಬೆಳಕು" ಅಂತ ಮಾಡೇನಿ.